ಐದು ಬೆರಳು ಬಿಚ್ಚೂತನಕ

“ಬಂತು ನೋಡ್ರಿ ಸಾಯಿಲ್! ಯಾಕೋ ಶಬ್ಬೀರ್, ಇವತ್ತೂ ಸಾಯಿಲ್‌ಗಿ ಬಂದೀದೇನು?”

ಚಪ್ಪಲಿ ಬಿಟ್ಟು ಅಂಗಳಕ್ಕೆ ಕಾಲಿಡುತ್ತಿದ್ದ ಶಬ್ಬೀರ್ ಅಲ್ಲೇ ನಿಂತ. ಹೆಡ್‌ಮಾಸ್ತರ ಅರುಣಕುಮಾರ ಕುರ್ಚಿಯಿಂದಲೇ ಎಸೆದ ಮಾತಿಗೆ, ಮಣ್ಣಿಗೆ ಬಂದ ಮಂದಿಯಲ್ಲಿ ನಾಲ್ಕೈದು ಜನ ಟವೆಲ್ಲು ಬಾಯಿಗೆ ಒತ್ತಿಕೊಂಡು ನಕ್ಕರು. ಎದುರಿಗೆ ಕಟ್ಟೆಯ ಮೇಲೆ, ಹಣೆತುಂಬ ವಿಭೂತಿ ಬಳಿದು ಗೋಡೆಗೆ ಆನಿಸಿ ಕೂರಿಸಿದ್ದ ಹೆಣ ಸೂಗಪ್ಪ ಮಾಸ್ತರದು. ತರಗತಿಯಲ್ಲಿ ಎಂದೂ ಹೀಗೆ ಸುಮ್ಮನೆ ಕೂತವರಲ್ಲ.

ಬೆಳಿಗ್ಗೆ ಕಲಬುರಗಿಯ ಆಸ್ಪತ್ರೆಯಲ್ಲಿ ಜೀವ ಹೋಗಿತ್ತು. ಸುದ್ದಿ ಕೇಳಿದವನೇ ಶಬ್ಬೀರ್ ಶಹಾಬಜಾರದ ತನ್ನ ಪಂಕ್ಚರ್ ಅಂಗಡಿಯ ಷಟರ್ ಎಳೆದು ಬೈಕ್ ಹತ್ತಿದ್ದ. ಕಮಲಾಪುರ ಮುಟ್ಟುವತನಕ ಒಂದೇ ವಾಕ್ಯ ಹೇಳಿಕೊಳ್ಳುತ್ತ ಬಂದಿದ್ದ. ಮಾಸ್ತರ ಮೇಲೆ ಮಣ್ಣು ಮುಚ್ಚುವ ಮೊದಲು ಅದನ್ನು ಅವರಿಗೆ ಹೇಳಬೇಕಿತ್ತು.

“ಸುಮ್ನಿರ್ರಿ ಸರ, ಹೆಣ ಎದುರಿಗೇ ಅದ,” ಎಂದ ಶಾಲೆಯ ಜವಾನ ನಬಿಸಾಬ್.

“ಸುಳ್ಳೇನು ನಬಿಸಾಬ್? ಕನ್ನಡ, ಉರ್ದು ಎಲ್ಲಾ ಕಲಸಿ ಇಂಗ್ಲಿಷ್ ಕೆಡಿಸಿದ ಮನಷ್ಯಾ. ಇಂಥವು ಹುಟ್ಟಿದ್ವು ನೋಡು.”

ಶಬ್ಬೀರನ ಕೈ ತಾನಾಗಿ ಮುಷ್ಟಿಯಾಯಿತು.

*

ಸೂಗಪ್ಪ ಮಾಸ್ತರೂ ತರಗತಿಯಲ್ಲಿ ಮುಷ್ಟಿ ಎತ್ತುತ್ತಿದ್ದರು. ಪ್ರಶ್ನೆ ಕೇಳಿ, ಹುಡುಗನ ಉತ್ತರಕ್ಕೆ ಕಾಯುತ್ತ ಒಂದೊಂದೇ ಬೆರಳು ಬಿಚ್ಚುವರು. “ಐದೂ ಬಿಚ್ಚೂತನಕ ಯಾರೂ ನಗಂಗಿಲ್ಲ. ಅವನ ಇಂಗ್ಲಿಷ್ ಇನ್ನಾ ಹಾದ್ಯಾಗ ಅದ, ಬರ್ಲಿ ಬಿಡ್ರಿ.” ಗೋಡೆಯ ತುಂಬ ಅವರೇ ಬರೆದ ಹಾಳೆಗಳು. ಮಕ್ಕಳ ಮನೆಯ ಮಾತು ಮೊದಲು, ಇಂಗ್ಲಿಷ್ ಆಮೇಲೆ. ಮಣ್ಣು, ಮಿಟ್ಟಿ, ಸಾಯಿಲ್.

ಎಂಟನೇ ತರಗತಿಯಲ್ಲಿ ಇನ್ಸ್‌ಪೆಕ್ಷನ್‌ಗೆ ಬಂದ ಸಾಹೇಬರು ಶಬ್ಬೀರನನ್ನು ಎಬ್ಬಿಸಿ, ನಿನ್ನೆ ಯಾಕೆ ಬರಲಿಲ್ಲವೆಂದು ಇಂಗ್ಲಿಷಿನಲ್ಲಿ ಕೇಳಿದರು. ಅಜ್ಜ ತೀರಿದ್ದ. ಶವಸಂಸ್ಕಾರಕ್ಕೆ, ಮನೆಯ ಮಾತಿನಲ್ಲಿ ‘ಮಣ್ಣಿಗೆ’, ಹೋಗಿದ್ದೆ ಎನ್ನಬೇಕು. ಮೂಲೆಯಲ್ಲಿ ಮಾಸ್ತರ ಎರಡು ಬೆರಳು ಬಿಚ್ಚಿದ್ದರು. ಹುಡುಗ ಗೋಡೆ ನೋಡಿದ.

“ಐ ವೆಂಟ್ ಟು ಸಾಯಿಲ್.”

ಸಾಹೇಬರು ನಕ್ಕರು. ಹಿಂದೆ ನಿಂತಿದ್ದ ಅರುಣಕುಮಾರ, ಆಗಿನ್ನೂ ಹೊಸ ಮಾಸ್ತರ, ಅವರಿಗಿಂತ ಗಟ್ಟಿಯಾಗಿ ನಕ್ಕ.

“ಇನ್ನಾ ಮೂರು ಬೆರಳು ಉಳದಾವ್ರಿ ಸಾಹೇಬ್ರ,” ಎಂದರು ಸೂಗಪ್ಪ ಮಾಸ್ತರ. “ಹುಡುಗನ ಅಜ್ಜ ಸತ್ತಾನ. ನಗೂದೇನದ ಅದ್ರಾಗ?”

ಮರುವಾರ ಸಾಹೇಬರ ಆದೇಶ ಬಂತು, ಗೋಡೆಯ ಹಾಳೆಗಳನ್ನು ಕಿತ್ತರು. ಇಂಗ್ಲಿಷ್ ಪಾಠ ಅರುಣಕುಮಾರನಿಗೆ ಹೋಯಿತು, ಸೂಗಪ್ಪ ಮಾಸ್ತರಿಗೆ ಸಮಾಜ ವಿಜ್ಞಾನ ಬಂತು. ಶಬ್ಬೀರನಿಗೆ ‘ಸಾಯಿಲ್’ ಎಂಬ ಹೆಸರು ಬಿತ್ತು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟ.

ಮಾಸ್ತರ ಬಿಡಲಿಲ್ಲ. ಕಲಬುರಗಿಗೆ ಬಂದಾಗೆಲ್ಲ ಅಂಗಡಿಯ ಮುಂದೆ ನಿಂತು ಮುಷ್ಟಿ ಎತ್ತುವರು. “ಸಾಲಿಗಿ ಬರಬ್ಯಾಡಪಾ. ಆ ಒಂದು ವಾಕ್ಯ ನೆಟ್ಟಗ ಹೇಳು, ಹೋಗ್ತೀನಿ.” ಶಬ್ಬೀರ್ ಟ್ಯೂಬನ್ನು ನೀರಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತ ಕೂರುವನು. ‘ಐ ವೆಂಟ್ ಟು ಎ ಫ್ಯೂನರಲ್.’ ನಾಲಿಗೆಯ ತುದಿಯಲ್ಲೇ ಇತ್ತು. ಅಂದಿನ ನಗುವಿನ ಸಿಟ್ಟು ಹೇಳಗೊಡುತ್ತಿರಲಿಲ್ಲ. ಐದೂ ಬೆರಳು ಬಿಚ್ಚಿ, ಮಾಸ್ತರ ಬಸ್ಸಿಗೆ ನಡೆಯುವರು.

*

ಬಾಳೆತೋಟದ ಬದಿಗೆ, ಮಾಸ್ತರ ಹೊಲದಲ್ಲೇ ಗುಂಡಿ ತೋಡಿದ್ದರು. ಕೆಂಪು ಮಣ್ಣು. ಕೂತಂತೆಯೇ ಅವರನ್ನು ಒಳಗಿಳಿಸಿದರು. ಮಾಸ್ತರ ಹೆಂಡತಿ ಲಲಿತಾಬಾಯಿ ಮಂದಿಯೊಳಗೆ ಕಣ್ಣಾಡಿಸಿ ಶಬ್ಬೀರನನ್ನು ಕರೆದರು.

“ಬಾ ಎಪ್ಪಾ. ಆಸ್ಪತ್ರ್ಯಾಗೂ ಮುಷ್ಟಿ ಹಿಡ್ಕೊಂಡೇ ಮಲಗಿದ್ರು ನೋಡು. ಬಾ, ಮಣ್ಣು ಹಾಕು.”

“ಮೊದಲ ಹೇಳಿ ಹಾಕ್ಲಿ ಅವ,” ಅರುಣಕುಮಾರ ಮುಂದೆ ಬಂದ. “ಎಲ್ಲಿಗಿ ಬಂದೀದಿ? ಇಂಗ್ಲಿಷ್‌ನ್ಯಾಗ ಹೇಳೋ!”

ಮಂದಿ ಕಾಯ್ದರು. ಮುಷ್ಟಿ ಯಾರ ಮುಖಕ್ಕೆ ಹೋಗಬೇಕೆಂಬುದು ಶಬ್ಬೀರನಿಗೆ ಗೊತ್ತಿತ್ತು. ಬಾಗಿ ಅದೇ ಮುಷ್ಟಿಗೆ ಮಣ್ಣು ತುಂಬಿಕೊಂಡು ಗುಂಡಿಯ ಅಂಚಿಗೆ ಮೊಣಕಾಲೂರಿದ.

ಒಂದು ಬೆರಳು ಬಿಚ್ಚಿದ. ಮಣ್ಣು ಸೋರಿತು. ಎರಡು. ಮೂರು. ಮಾಸ್ತರ ಕಿವಿಗಷ್ಟೇ ಕೇಳುವಂತೆ ತುಟಿ ಆಡಿದವು. ಐದನೆಯ ಬೆರಳು ಬಿಚ್ಚುವ ಹೊತ್ತಿಗೆ ವಾಕ್ಯ ಮುಗಿದಿತ್ತು.

“ಏನಂದ್ಯೋ? ಗಟ್ಟಿ ಅನ್ನು, ನಾವೂ ಕೇಳ್ತೀವಿ!”

ಶಬ್ಬೀರ್ ಎದ್ದ. ಅರುಣಕುಮಾರನ ಎದುರೇ ಹಾದು, ಬಾಳೆಸಾಲಿನ ನಡುವೆ ರಸ್ತೆಯ ಕಡೆ ನಡೆದ. ಯಾರೂ ನಗಲಿಲ್ಲ. ಕೆಂಪು ಹತ್ತಿದ ಕೈ ಪಕ್ಕದಲ್ಲಿ ಇಳಿಬಿದ್ದಿತ್ತು, ಐದೂ ಬೆರಳು ಬಿಚ್ಚಿಕೊಂಡು.