ಚಿತ್ರದಲ್ಲಿ ಇಲ್ಲದ್ದು

“ನನ್ನ ಮುಖ ಹಾಕು ಅಂತ ನಿನಗೆ ಯಾರು ಹೇಳಿದ್ದು?”

ಎತ್ತರಕ್ಕೆ ‘ಉದ್ದಕ್ಕ’ ಎಂದೇ ಹೆಸರಾದವಳು ಶರ್ಟ್ ಬಟ್ಟೆಯ ಥಾನನ್ನು ಕೌಂಟರಿನ ಮೇಲೆ ಧೊಪ್ಪನೆ ಹಾಕಿ, ಫೋನನ್ನು ಪಕ್ಕದಲ್ಲಿದ್ದ ಗೆಳತಿಯ ಮೂಗಿನ ಹತ್ತಿರ ಹಿಡಿದಳು. ಫೋನಿನಲ್ಲಿ ಲೈಬ್ರರಿಯ ಗೋಡೆ ಇತ್ತು. ಗೋಡೆಯ ಮೇಲೆ ಒಂದು ಫೋಟೋ: ಅವರದೇ ಬಟ್ಟೆ ಅಂಗಡಿಯ ಮೊದಲ ಮಹಡಿ, ಕೆಂಗಂದು ಸಮವಸ್ತ್ರದಲ್ಲಿ ಸಾಲಾಗಿ ನಿಂತ ಐದು ಹೆಂಗಸರು. ಎಲ್ಲರಿಗಿಂತ ಒಂದು ತಲೆ ಮೇಲೆ ಉದ್ದಕ್ಕ. ಚಿತ್ರದ ಕೆಳಗೆ ಕೈಬರಹದ ಕೆಲವು ಸಾಲು. ಪ್ರದರ್ಶನ ನೋಡಲು ಹೋದ ಯಾರೋ ಅದನ್ನು ಫೋನಿನಲ್ಲಿ ಹಿಡಿದು ಕಳಿಸಿದ್ದರು. ಅದು ಅವರಿವರ ಕೈ ದಾಟಿ ಉದ್ದಕ್ಕನ ಗಂಡನ ತನಕ ಬಂದಿತ್ತು.

“ಬರವಣಿಗೆ ಕ್ಲಾಸಿಗೆ ಅಂತ ಹೇಳಿದ್ದೆನಲ್ಲೇ.”

“ಕ್ಲಾಸಿಗೆ ಅಂದ್ರೆ ಏನೋ ಬರ್ಕೊಂಡು ಹೋಗ್ತೀಯ ಅನ್ಕೊಂಡೆ. ಊರಿಗೆಲ್ಲ ಕಾಣೋ ಹಾಗೆ ಗೋಡೆಗೆ ಅಂಟಿಸ್ತೀಯ ಅಂತ ಕನಸು ಬಿದ್ದಿತ್ತಾ? ದೊಡ್ಡೋರು ನೋಡಿದ್ರೆ ನಿನ್ನ ಜೊತೆ ನಮ್ಮ ಹೊಟ್ಟೆ ಮೇಲೂ ಹೊಡೀತಾರೆ ಕಣೇ ಕುಳ್ಳಿ.”

ದೊಡ್ಡೋರು ಅಂದರೆ ಅಂಗಡಿಯ ಯಜಮಾನರು. ಅವಳನ್ನು ಕುಳ್ಳಿ ಎಂದು ಕರೆಯುವ ಹಕ್ಕು ಇಡೀ ಅಂಗಡಿಯಲ್ಲಿ ಉದ್ದಕ್ಕನೊಬ್ಬಳಿಗೇ ಇತ್ತು. ಇಬ್ಬರೂ ಒಟ್ಟಿಗೇ ಕೆಲಸಕ್ಕೆ ಸೇರಿ, ವರ್ಷಗಟ್ಟಲೆ ಒಂದೇ ಕೌಂಟರಿನ ಹಿಂದೆ ನಿಂತಿದ್ದರು. ನಿಂತಿದ್ದರು ಎಂದರೆ ನಿಂತೇ ಇದ್ದರು. ಬಾಗಿಲು ತೆರೆದಾಗಿನಿಂದ ಮುಚ್ಚುವ ತನಕ ಮಾರುವವರು ಕೂರಬಾರದು ಎಂಬುದು ಅಲ್ಲಿಯ ನಿಯಮ. ಗಿರಾಕಿಯೇ ಬಾರದ ಮಧ್ಯಾಹ್ನವೂ ಅಷ್ಟೆ. ಯಾರಾದರೂ ಕೌಂಟರಿಗೆ ಸೊಂಟ ಆನಿಸಿದರೆ ಸಾಕು, ಮಹಡಿಯ ಮೇಲ್ವಿಚಾರಕ ದೂರದಿಂದಲೇ ಬೆರಳಲ್ಲಿ ಚಿಟಿಕೆ ಹೊಡೆಯುತ್ತಿದ್ದ. ಹೊಡೆದು ಹೊಡೆದು ಅವನ ಹೆಸರೇ ಚಿಟಿಕೆ ಎಂದಾಗಿತ್ತು.

“ನಾನು ಬರೆದದ್ದು ಸುಳ್ಳಾ?” ಅಂದಳು ಅವಳು.

“ಸುಳ್ಳಾಗಿದ್ರೆ ಯಾರು ಹೆದರ್ತಿದ್ರು? ನಿನ್ನ ಕಾಲು, ನಿನ್ನ ನೋವು, ಬರ್ಕೋ. ಅದಕ್ಕೆ ನನ್ನ ಮುಖ ಯಾಕೆ ಬೇಕಿತ್ತು?”

ಉದ್ದಕ್ಕ ಹೇಳಿದ್ದು ಸರಿ ಎಂಬುದೇ ಅವಳಿಗೆ ಹೆಚ್ಚು ಚುಚ್ಚಿತು.

ಬರವಣಿಗೆ ಕಲಿಯಬೇಕೆಂದು ಅವಳು ಎಂದೂ ಅಂದುಕೊಂಡವಳಲ್ಲ. ರಜೆಯ ದಿನ ಮಗಳ ಪುಸ್ತಕ ಹಿಂದಿರುಗಿಸಲು ಲೈಬ್ರರಿಗೆ ಹೋದಾಗ, ಹಿಂದಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಖಾಲಿ ಕುರ್ಚಿಗಳು ಕಂಡವು. ಐದು ನಿಮಿಷ ಕಾಲು ಚಾಚಿ ಹೋಗೋಣವೆಂದು ಕೂತಳು. ಅಷ್ಟರಲ್ಲಿ ಜನ ಬಂದರು, ಮೇಡಂ ಬಂದರು, ಪಾಠ ಶುರುವಾಯಿತು. ನಡುವೆ ಎದ್ದು ಹೋಗಲು ನಾಚಿಕೆಯಾಗಿ ಕೂತೇ ಬಿಟ್ಟಳು. ಮುಂದಿನ ವಾರ ಬೇಕೆಂದೇ ಹೋದಳು.

ಮೇಡಂ ಕೊಡುತ್ತಿದ್ದ ಅಭ್ಯಾಸಗಳು ಆಟದ ಹಾಗಿದ್ದವು. ಮನೆಯಿಂದ ಕೆಲಸದ ತನಕ ದಾರಿಯ ನಕ್ಷೆ ಬರೆಯಿರಿ, ಆದರೆ ರಸ್ತೆಗಳಿಗೆ ನೀವೇ ಹೆಸರಿಡಿ ಅಂದರು ಒಂದು ವಾರ. ಅವಳ ನಕ್ಷೆಯಲ್ಲಿ ‘ಬಸ್ಸು ತಪ್ಪುವ ಬೀದಿ’, ‘ನಾಯಿ ನನ್ನನ್ನು ಬಲ್ಲ ತಿರುವು’, ‘ಇನ್ನು ವಾಪಸು ಹೋಗೋ ಹಾಗಿಲ್ಲ ಸರ್ಕಲ್ಲು’ ಬಂದವು. ಓದಿದಾಗ ಎಲ್ಲರೂ ನಕ್ಕರು, ಅವಳೂ ನಕ್ಕಳು. ಇನ್ನೊಂದು ವಾರ ಅಂಗಡಿಯ ಬೋರ್ಡೊಂದರ ಫೋಟೋ ತೆಗೆಸಿ, ಅದೇ ಮಾತಾಡುವ ಹಾಗೆ ಬರೆಸಿದರು. ಕೊನೆಯದು, ಪ್ರದರ್ಶನಕ್ಕೆ ಇಡುವಂಥದ್ದು: ಈ ನಗರದಲ್ಲಿ ನೀವಿರುವ ಒಂದು ಚಿತ್ರ, ಅದರ ಕೆಳಗೆ ನಿಮ್ಮ ಬರಹ.

ಒಂದು ಬೆಳಿಗ್ಗೆ ಷಟರ್ ಎತ್ತುವ ಮುಂಚೆ ಅವಳು ಫೋನನ್ನು ಕಪಾಟಿಗೆ ಒರಗಿಸಿಟ್ಟು ಎಲ್ಲರನ್ನೂ ಕರೆದಳು. ನೂಕಾಡಿಕೊಂಡು, ಕಿಸಿಕಿಸಿ ನಗುತ್ತ ಸಾಲಾಗಿ ನಿಂತರು. ಉದ್ದಕ್ಕ ಅವಳ ಹೆಗಲ ಮೇಲೆ ಕೈ ಹಾಕಿದಳು. ‘ನಾವು ಐದು ಜನ. ನಮ್ಮ ಅಂಗಡಿ ದೊಡ್ಡದು. ದೀಪಗಳು ಚೆನ್ನಾಗಿವೆ’ ಎಂದು ಬರೆದುಕೊಂಡು ಹೋದಳು.

“ಇದೆಲ್ಲ ಚಿತ್ರದಲ್ಲೇ ಕಾಣುತ್ತಲ್ವಾ?” ಅಂದರು ಮೇಡಂ. “ಕಾಣದೇ ಇರೋದನ್ನ ಬರೀರಿ.”

ಅವಳು ಆ ಫೋಟೋವನ್ನು ಬಸ್ಸಿನಲ್ಲಿ ನೋಡಿದಳು, ಒಲೆಯ ಮುಂದೆ ನೋಡಿದಳು. ಏನಿಲ್ಲ ಇದರಲ್ಲಿ? ಥಟ್ಟನೆ ಹೊಳೆದ ಮೇಲೆ ಬರೆಯಲು ಹೊತ್ತೇ ಹಿಡಿಯಲಿಲ್ಲ.

‘ಈ ಚಿತ್ರದಲ್ಲಿ ಕುರ್ಚಿ ಇಲ್ಲ. ಈ ಕ್ಲಾಸಿನದು ಬಿಟ್ಟರೆ ಈ ಊರಿನಲ್ಲಿ ನನಗೆ ಗೊತ್ತಿರುವ ಕುರ್ಚಿ ಎರಡೇ. ಸಿಕ್ಕಿದರೆ ಬಸ್ಸಿನಲ್ಲಿ ಒಂದು. ಡಾಕ್ಟರ ಬಾಗಿಲಲ್ಲಿ ಒಂದು. ಡಾಕ್ಟರು ನನ್ನ ಕಾಲಿನ ನರ ನೋಡಿ, ಜಾಸ್ತಿ ಹೊತ್ತು ನಿಲ್ಲಬೇಡಿ ಅಂದರು. ಆಯ್ತು ಸಾರ್ ಅಂದು ಎದ್ದು ನಿಂತೆ.’

ಮೇಡಂ ಅದನ್ನು ಎರಡು ಸಲ ಓದಿದರು. ತೆಗೆದುಕೊಂಡು ಹೋಗಿ ಬಾಗಿಲ ಎದುರಿನ ಗೋಡೆಗೆ ಹಾಕಿದರು.

ಈಗ ವಿಷಯ ಇಲ್ಲಿಗೆ ಬಂದು ನಿಂತಿತ್ತು. ಸಂಜೆಯಾಗುವ ಮೊದಲೇ ಚಿಟಿಕೆ ಕೌಂಟರಿಗೆ ಬಂದು, ಅವಳ ಮುಖ ನೋಡದೆ ಹೇಳಿದ: “ಫೋಟೋ ದೊಡ್ಡೋರ ಕಣ್ಣಿಗೂ ಬಿದ್ದಿದೆ. ನಾಳೆ ಬೆಳಿಗ್ಗೆ ನಿನ್ನನ್ನ ಕರೆದಿದ್ದಾರೆ. ಅಷ್ಟರೊಳಗೆ ಅದು ಗೋಡೆಯಿಂದ ಇಳಿದಿರಬೇಕಂತೆ.”

ಕೆಲಸ ಮುಗಿಸಿ ಅವಳು ಸೀದಾ ಲೈಬ್ರರಿಗೆ ಹೋದಳು. ಮೇಡಂ ಬಾಗಿಲು ಹಾಕುವುದರಲ್ಲಿದ್ದರು. ವಿಷಯ ಕೇಳಿ ಅವರ ಮುಖ ಸಣ್ಣದಾಯಿತು.

“ತೆಗೀತೀನಿ ಅಂದ್ರೆ ನಾನು ಬೇಡ ಅನ್ನಲ್ಲ. ನಾಳೆ ಅಂಗಡಿಗೆ ಹೋಗಬೇಕಾದೋರು ನೀವು, ನಾನಲ್ಲ.”

“ಕತ್ತರಿ ಇದ್ಯಾ ಮೇಡಂ?”

ಫೋಟೋವನ್ನು ಗೋಡೆಯಿಂದ ಬಿಡಿಸಿ ಮೇಜಿನ ಮೇಲಿಟ್ಟುಕೊಂಡಳು. ಬಟ್ಟೆ ಕತ್ತರಿಸಿ ಪಳಗಿದ ಕೈ ನೇರವಾಗಿ ಓಡಿತು. ಒಬ್ಬೊಬ್ಬರನ್ನೇ ತಲೆಯಿಂದ ಕಾಲಿನ ತನಕ ಪಟ್ಟಿಯಾಗಿ ಬೇರೆ ಮಾಡಿದಳು. ಕೊನೆಗೆ ಉದ್ದಕ್ಕನ ಸರದಿ ಬಂದಾಗ ಕತ್ತರಿ ನಿಂತಿತು. ಹೆಗಲ ಮೇಲಿದ್ದ ಆ ನಾಲ್ಕು ಬೆರಳುಗಳನ್ನು ತೆಗೆಯಬೇಕಾದರೆ ತನ್ನ ಹೆಗಲನ್ನೂ ತೆಗೆಯಬೇಕಿತ್ತು. ಬೆರಳುಗಳನ್ನು ಅಲ್ಲೇ ಬಿಟ್ಟು ಸುತ್ತಿಬಳಸಿ ಕತ್ತರಿಸಿದಳು. ಉಳಿದ ತುಂಡನ್ನು, ತಾನೊಬ್ಬಳೇ ನಿಂತಿದ್ದ ತುಂಡನ್ನು, ಮತ್ತೆ ಅದೇ ಜಾಗಕ್ಕೆ ಅಂಟಿಸಿದಳು. ಬರಹದ ಕೆಳಗೆ ಮೊದಲು ಬರೆಯದೇ ಇದ್ದ ಎರಡನ್ನು ಬರೆದಳು: ತನ್ನ ಪೂರ್ತಿ ಹೆಸರು, ಅಂಗಡಿಯ ಪೂರ್ತಿ ಹೆಸರು.

“ಯೋಚನೆ ಮಾಡಿ ಬರೆದ್ರಾ?” ಅಂದರು ಮೇಡಂ.

“ಯೋಚನೆ ಮಾಡಿದ್ರೆ ಎಲ್ಲಿ ಬರೀತಿದ್ದೆ ಮೇಡಂ.”

ಬೆಳಿಗ್ಗೆ ಥಾನುಗಳ ಧೂಳು ಹೊಡೆಯುತ್ತಿದ್ದಾಗ ಅವಳು ಪಟ್ಟಿಗಳನ್ನು ಅವರವರ ಕೈಗೆ ಕೊಟ್ಟಳು. “ಕೇಳದೆ ಹಾಕಿದ್ದು ತಪ್ಪಾಯ್ತು. ನಿಮ್ಮ ಮುಖ ನಿಮಗೆ ವಾಪಸ್.” ಉಳಿದವರು ಇಸಿದುಕೊಂಡರು. ಉದ್ದಕ್ಕ ತನ್ನದನ್ನು ದೀಪಕ್ಕೆ ಹಿಡಿದು ನೋಡಿದಳು.

“ಕೈ ಎಲ್ಲಿ?”

“ನನ್ನ ಹತ್ರಾನೇ ಉಳೀತು. ಬೇಕಿದ್ರೆ ಹೋಗಿ ಕಿತ್ಕೊಂಡು ಬಾ.”

ಉದ್ದಕ್ಕ ನಗಲಿಲ್ಲ. ಚಿತ್ರದ ಕೆಳಭಾಗವನ್ನೇ ನೋಡುತ್ತಿದ್ದಳು. ಬಲಗಾಲನ್ನು ಶೂವಿನಿಂದ ಹೊರಗೆ ಎಳೆದು ಎಡಗಾಲಿನ ಮೇಲಿಟ್ಟುಕೊಂಡು ನಿಂತಿದ್ದಳು ಅದರಲ್ಲಿ. “ಕೊಕ್ಕರೆ ಹಾಗೆ ನಿಂತಿದ್ದೀನಲ್ಲೇ,” ಅಂದಳು ತನಗೇ ಎಂಬಂತೆ. “ಬಾಗಿಲೂ ತೆರೆದಿರಲಿಲ್ಲ ಇನ್ನೂ, ಆಗಲೇ ನೋವು.”

ದೊಡ್ಡೋರ ಕೋಣೆ ಕೆಳಗಿತ್ತು. “ಕೂತ್ಕೋಮ್ಮ,” ಅಂದರು. ಅವಳು ಕೂತಳು.

“ನಾನೂ ನಮ್ಮಪ್ಪನ ಕಾಲದಲ್ಲಿ ನಿಂತು ಮಾರಿದೋನೇ. ಕೂತು ಮಾರೋರನ್ನ ಗಿರಾಕಿ ನಂಬಲ್ಲ. ನೋವಿದ್ರೆ ನನ್ನ ಹತ್ರ ಬರಬೇಕಿತ್ತಮ್ಮ. ಊರ ಗೋಡೆಗೆ ಅಂಟಿಸೋದಾ?”

“ಬಂದಿದ್ದೆ ಸಾರ್. ಚಿಟಿಕೆ... ಮೇಲ್ವಿಚಾರಕರು ಬಾಗಿಲಿಂದಲೇ ಕಳಿಸಿದ್ರು.”

ದೊಡ್ಡೋರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ದನಿ ಮೆತ್ತಗೇ ಇತ್ತು. “ಇನ್ನೂ ಇಳಿಸಿಲ್ಲ ಅಂತ ಗೊತ್ತು. ಆಗಿದ್ದಾಯ್ತು. ಕೆಳಗೆ ‘ಇದು ಬರೀ ಕಲ್ಪನೆ’ ಅಂತ ಒಂದು ಸಾಲು ಸೇರಿಸಿಬಿಡು. ಕಥೆ ಕಟ್ಟೋ ಕ್ಲಾಸು ತಾನೆ ಅದು? ನಿನ್ನ ಮರ್ಯಾದೆಯೂ ಉಳಿಯುತ್ತೆ, ನಂದೂ ಉಳಿಯುತ್ತೆ.”

“ಕಾಲು ತೋರಿಸ್ಲಾ ಸಾರ್?”

ಅವರು ಮುಖ ಆಚೆ ತಿರುಗಿಸಿದರು. ಮತ್ತೆ ಮಾತಾಡಿದಾಗ ದನಿ ಗಟ್ಟಿಯಾಗಿತ್ತು. “ಸರಿ. ಕೂರಬೇಕು ಅಷ್ಟೇ ತಾನೆ? ಇವತ್ತಿಂದ ಗೋಡೌನಿಗೆ ಹೋಗು. ಮೂಟೆ ಮೇಲೆ ಕೂತ್ಕೋ, ಮಲಗು, ಯಾರೂ ಕೇಳಲ್ಲ.”

ಗೋಡೌನು ನೆಲದಡಿಯಲ್ಲಿತ್ತು. ಕಿಟಕಿ ಇರಲಿಲ್ಲ. ಅಲ್ಲಿಗೆ ಕಳಿಸಿದವರು ತಾವಾಗಿಯೇ ಕೆಲಸ ಬಿಟ್ಟುಹೋಗುತ್ತಿದ್ದರು. ಕಳಿಸುವುದೂ ಅದಕ್ಕೇ ಎಂದು ಎಲ್ಲರಿಗೂ ಗೊತ್ತಿತ್ತು. ಮಗಳ ಓದು, ಮನೆಯ ಬಾಡಿಗೆ ಎಲ್ಲ ಒಟ್ಟಿಗೇ ಅವಳ ಕಣ್ಣ ಮುಂದೆ ಬಂದವು. ಆದರೂ ಬಾಯಿಂದ ಬಂದದ್ದು ಬೇರೆಯೇ ಮಾತು.

“ಅಲ್ಲಿ ಆಗಲ್ಲ ಸಾರ್. ಕೂತ್ರೆ ಮೇಲೇ ಕೂರ್ತೀನಿ. ನಾಲ್ಕು ಜನರ ಎದುರಿಗೆ.”

ಎದ್ದಳು. ಮೆಟ್ಟಿಲು ಹತ್ತಿದಳು. ಮಹಡಿಯ ನಡುವೆ ಗಿರಾಕಿಗಳಿಗೆಂದು ಹಾಕಿದ್ದ ಹಸಿರು ಸೋಫಾದ ತನಕ ನಡೆದು, ಸೆರಗು ಸರಿಮಾಡಿಕೊಂಡು ಕೂತುಬಿಟ್ಟಳು. ಅಂದುಕೊಂಡದ್ದಕ್ಕಿಂತ ಮೆತ್ತಗಿತ್ತು. ಅಲ್ಲಿಂದ ನೋಡಿದರೆ ಕಪಾಟುಗಳು ಎತ್ತರವಾಗಿ, ಕೌಂಟರಿನ ಹಿಂದಿನ ನಾಲ್ವರು ಯಾರೋ ತಂದು ನಿಲ್ಲಿಸಿ ಮರೆತವರ ಹಾಗೆ ಕಂಡರು.

ಚಿಟಿಕೆ ಬಿತ್ತು. ಅವಳು ಅಲುಗಲಿಲ್ಲ. ಇನ್ನೊಂದು ಬಿತ್ತು.

“ಬೆರಳು ನೋಯುತ್ತೆ ಸಾರ್, ಬಿಡಿ,” ಅಂದಳು.

ಯಾರೋ ಕಿಸಕ್ಕನೆ ನಕ್ಕರು. ಮೇಲ್ವಿಚಾರಕ ಕೆಂಪಗಾಗಿ ದಡದಡ ಕೆಳಗಿಳಿದು ಹೋದ.

ಅವನಿಗೆ ಎದುರಾಗಿ ಮೆಟ್ಟಿಲು ಹತ್ತಿ ಬಂದ ವಯಸ್ಸಾದ ಹೆಂಗಸೊಬ್ಬಳು ಏದುಸಿರು ಬಿಡುತ್ತ ಸೋಫಾದ ಇನ್ನೊಂದು ತುದಿಗೆ ಕುಸಿದಳು. “ಉಸ್ಸಪ್ಪಾ! ಯಾರಮ್ಮ ಕಟ್ಟಿಸಿದ್ದು ಈ ಮೆಟ್ಟಿಲು?” ಆಮೇಲೆ ಸಮವಸ್ತ್ರದ ಮೇಲೆ ಕಣ್ಣು ಬಿತ್ತು. “ನೀನು ಅಂಗಡಿಯೋಳಾ?”

“ಹೌದಮ್ಮ. ಏನು ತೋರಿಸ್ಲಿ?”

“ಮಗನಿಗೊಂದು ಶರ್ಟ್ ಪೀಸು. ಕಣ್ಣು ಕುಕ್ಕಬಾರದು.”

ಅವಳು ಕತ್ತು ಹೊರಳಿಸಿದಳು. “ಉದ್ದಕ್ಕ, ಆ ತಿಳಿನೀಲಿ ಥಾನು ತರ್ತೀಯಾ?”

ಉದ್ದಕ್ಕ ಕೇಳಿಸದವಳ ಹಾಗೆ ನಿಂತಿದ್ದಳು. ಆಮೇಲೆ ಕೈ ಚಾಚಿ ಕಪಾಟಿನ ಮೇಲಿನ ಅರೆಯಿಂದ ಥಾನು ಇಳಿಸಿ, ಕೌಂಟರು ಬಳಸಿಕೊಂಡು ಬಂದು, ಅಜ್ಜಿಯ ಮುಂದೆ ನಿಂತು ಬಟ್ಟೆ ಬಿಚ್ಚಿದಳು.

“ಅಷ್ಟು ಮೇಲೆ ಹಿಡಿದ್ರೆ ನನಗೆ ಏನು ಕಾಣುತ್ತೆ?” ಎಂದು ಅಜ್ಜಿ ಗದರಿದಳು.

ಕೆಳಗಿನಿಂದ ಇಬ್ಬರು ಮೆಟ್ಟಿಲು ಹತ್ತಿ ಬರುವ ಸದ್ದು ಕೇಳಿಸಿತು. ಒಂದು ಅವಸರದ್ದು, ಇನ್ನೊಂದು ನಿಧಾನದ್ದು. ಉದ್ದಕ್ಕ ಆ ಕಡೆ ನೋಡಿದಳು. ಹೊರಗೆಳೆದಿದ್ದ ಬಲಗಾಲನ್ನು ಶೂವಿನೊಳಗೆ ತೂರಿಸಿಕೊಂಡಳು.

“ಜರುಗೇ ಆಚೆ,” ಅಂದಳು.

ಬಟ್ಟೆ ಮೂವರ ಮಡಿಲ ಮೇಲೂ ಹರಡಿಕೊಂಡಿತು. ಅಜ್ಜಿ ಅಂಚನ್ನು ಕಣ್ಣ ಹತ್ತಿರ ತಂದು, ಹೆಬ್ಬೆರಳು ತೋರುಬೆರಳ ನಡುವೆ ನೂಲನ್ನು ಉಜ್ಜಿ ಉಜ್ಜಿ ನೋಡತೊಡಗಿದಳು.