ಸುಖವಾಗಿ ಸಾಯುವ ಮನೆತನ

ತುರ್ತು ಚಿಕಿತ್ಸೆಯ ಕೋಣೆಗೆ ಬಸ್ ಚಾಲಕ ತನ್ನ ಕಾಲ ಮೇಲೆಯೇ ನಡೆದು ಬಂದ. ತನಗೇನೂ ಆಗಿಲ್ಲವೆನ್ನಲು ಅವನ ಬಳಿ ಇದ್ದ ಸಾಕ್ಷಿ ಅದೊಂದೇ. ಹಿಂದೆ ತಾಯಿ, ಹೆಂಡತಿ, ಮಗಳು. ಪ್ರಜ್ಞೆ ತಪ್ಪಿದವನಿಗಿಂತ ಕರೆತಂದವರೇ ಹೆಚ್ಚು ಬಿಳಿಚಿಕೊಂಡಿದ್ದರು.

“ಬೆಳಗ್ಗೆ ಹೊಟ್ಟೆಗೇನೂ ಹಾಕ್ಕೊಂಡಿಲ್ಲ, ಅದಕ್ಕೇ ಬಿದ್ದ,” ಎಂದಳು ತಾಯಿ, ಯಾರೂ ಕೇಳುವ ಮೊದಲೇ. ಅಲ್ಲಿಗೆ ಬರುವವರು ಹಳೆಯ ಔಷಧಿ ಚೀಟಿಯನ್ನು ಮರೆತಾರು, ಕಾರಣವನ್ನು ಮಾತ್ರ ಮನೆಯಿಂದಲೇ ಕಟ್ಟಿಕೊಂಡು ಬರುತ್ತಾರೆ.

ಡಾಕ್ಟರಮ್ಮ ಸಕ್ಕರೆ ನೋಡಿಸಿದರು, ಸರಿಯಿತ್ತು. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು, ಅದೂ ಸರಿಯಿತ್ತು. ಇಸಿಜಿ ಕಾಗದವನ್ನು ಮಾತ್ರ ಬೆಳಕಿಗೆ ಹಿಡಿದು ಎರಡೆರಡು ಸಲ ನೋಡಿದರು.

“ಹೊರಡ್ಲಾ ಮೇಡಂ? ಮಧ್ಯಾಹ್ನ ಡ್ಯೂಟಿ ಇದೆ.”

“ಬಿದ್ದಾಗ ನಿಂತಿದ್ರಾ, ಕೂತಿದ್ರಾ?”

“ಎದ್ದು ನಿಂತೆ, ಕಣ್ಣಿಗೆ ಕತ್ತಲೆ ಬಂತು. ಅಷ್ಟೇ.”

“ಕೂತಿದ್ರು,” ಎಂದಳು ಹೆಂಡತಿ.

“ನಿಂಗೇನು ಗೊತ್ತು, ಸುಮ್ನಿರು.”

“ಎದುರಿಗೇ ಇದ್ದೆನಲ್ಲ. ಕುರ್ಚಿ ಮೇಲೆ ಕೂತು ಶೂ ಕಟ್ತಾ ನನ್ನನ್ನೇ ಬೈತಾ ಇದ್ರು. ಬೈಗುಳ ಅರ್ಧಕ್ಕೇ ನಿಂತ್ಹೋಯ್ತು ಡಾಕ್ಟ್ರೇ. ಮದುವೆ ಆದಾಗಿನಿಂದ ಇವರ ಒಂದು ಬೈಗುಳನೂ ಅರ್ಧಕ್ಕೆ ನಿಂತಿದ್ದಿಲ್ಲ. ಆಗಲೇ ನನ್ನ ಎದೆ ಧಸಕ್ ಅಂತು.”

“ಬೆವರು, ವಾಕರಿಕೆ, ತಲೆ ಸುತ್ತು?”

“ಏನೂ ಇಲ್ಲ. ಸ್ವಿಚ್ ಆರಿಸಿದ ಹಾಗೆ.”

ಡಾಕ್ಟರಮ್ಮ ಸ್ಟೂಲ್ ಎಳೆದುಕೊಂಡು ಕೂತರು. ಅವಸರದ ಜನ ಕೂತರೆಂದರೆ ಸುದ್ದಿ ಒಳ್ಳೆಯದಿರುವುದಿಲ್ಲ.

“ನಿಮ್ಮ ಮನೇಲಿ ಯಾರಾದ್ರೂ ಸಣ್ಣ ವಯಸ್ಸಲ್ಲಿ, ಇದ್ದಕ್ಕಿದ್ದ ಹಾಗೆ ತೀರಿಕೊಂಡಿದ್ದಾರಾ?”

ತಾಯಿಗೆ ಅವಮಾನವಾಯಿತು. “ಇಲ್ಲಮ್ಮ. ನಮ್ಮಲ್ಲಿ ಕಾಯಿಲೆ ಕಸಾಲೆ ಅನ್ನೋದೇ ಇಲ್ಲ. ಹಾಸಿಗೆ ಹಿಡಿದು ನರಳಿದವರು ಒಬ್ಬರೂ ಇಲ್ಲ. ನಮ್ಮ ಗಂಡಸರದ್ದು ಪುಣ್ಯವಂತರ ಸಾವು.”

“ಅಂದ್ರೆ?”

“ನಮ್ಮ ಯಜಮಾನ್ರು ಪೇಪರ್ ಓದ್ತಾ ಓದ್ತಾನೇ ಹೋದ್ರು. ನಲವತ್ತೂ ತುಂಬಿರಲಿಲ್ಲ. ಕನ್ನಡಕ ಕೂಡ ಜಾರಿರಲಿಲ್ಲ. ದೊಡ್ಡ ಮಗ ಮಲಗಿದವನು ಏಳಲೇ ಇಲ್ಲ. ಮುಖ ನೋಡಿದ್ರೆ ನಗ್ತಾ ಇದ್ದ ಹಾಗಿತ್ತು. ಒಬ್ಬರಿಗೂ ಭಾರ ಆಗಲಿಲ್ಲ.”

ಹೆಂಡತಿ ಈ ಹೆಚ್ಚುಗಾರಿಕೆಯನ್ನು ಸೊಸೆಯಾಗಿ ಕಾಲಿಟ್ಟಂದಿನಿಂದ ಕೇಳಿದ್ದಳು. ಬೇರೆ ಮನೆತನಗಳು ಹೊಲ, ಒಡವೆ ಹೇಳಿಕೊಂಡರೆ ಈ ಮನೆ ಸಾವನ್ನು ಹೇಳಿಕೊಳ್ಳುತ್ತಿತ್ತು. ಇವತ್ತು ಅದನ್ನು ಕೇಳುತ್ತ ಅವಳು ಗಂಡನ ಪಕ್ಕಕ್ಕೆ ಸರಿದು ನಿಂತಳು. ಮುಂದಿನ ಸರದಿ ಯಾರದೆಂದು ಅತ್ತೆ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

“ಮಾನಿಟರ್ ಹಾಕಿ, ಶಾಕ್ ಕೊಡೋ ಯಂತ್ರ ಮಂಚದ ಪಕ್ಕಕ್ಕೇ ತನ್ನಿ,” ಎಂದರು ಡಾಕ್ಟರಮ್ಮ ನರ್ಸ್ ಹುಡುಗನಿಗೆ. “ಇವತ್ತು ಬಸ್ಸಿಲ್ಲ, ಮನೆಯೂ ಇಲ್ಲ.”

ಹೆಂಡತಿ ಮಗಳನ್ನು ಡಿಪೋಗೆ ಫೋನ್ ಮಾಡಲು ಹೊರಗೆ ಕಳಿಸಿದಳು.

“ಐವತ್ತು ಜನ ಸ್ಟಾಪಲ್ಲಿ ಕಾಯ್ತಿರ್ತಾರೆ,” ಎಂದ ಚಾಲಕ. “ಇವಳ ಮಾತು ಕೇಳ್ಕೊಂಡು ನೀವೂ ನನ್ನನ್ನ ಇಲ್ಲಿ—”

ಮಾತು ಅಲ್ಲೇ ನಿಂತಿತು. ತೆರೆದ ಕಣ್ಣುಗಳು ಯಾರನ್ನೂ ನೋಡುತ್ತಿರಲಿಲ್ಲ. ಪರದೆಯ ಮೇಲಿನ ಗೆರೆ ಮಗು ಗೀಚಿದಂತಾಯಿತು. ಹೃದಯ ಬಡಿಯುತ್ತಿರಲಿಲ್ಲ, ಬರಿದೇ ಅದುರುತ್ತಿತ್ತು. ನರ್ಸ್ ಎದೆ ಒತ್ತತೊಡಗಿದ. ಹೆಂಡತಿ ಗಂಡನ ಕೈ ಹಿಡಿದಳು.

“ಕೈ ಬಿಡಿ,” ಎಂದರು ಡಾಕ್ಟರಮ್ಮ. ಅವಳು ಬಿಡಲಿಲ್ಲ. ನರ್ಸ್ ಅವಳನ್ನು ಹಿಂದಕ್ಕೆಳೆದ.

ಯಂತ್ರದ ಶಾಕಿಗೆ ದೇಹ ಒಮ್ಮೆ ಎಗರಿತು. ಗೆರೆ ಚಪ್ಪಟೆಯಾಯಿತು. ಆಮೇಲೆ ಒಂದು ಬಡಿತ, ಇನ್ನೊಂದು.

ಸ್ವಲ್ಪ ಹೊತ್ತಿನ ಮೇಲೆ ಚಾಲಕ ಕೇಳಿದ: “ಯಾರು ನನ್ನ ಎದೆಗೆ ಒದ್ದಿದ್ದು?”

ಯಾರೂ ನಗಲಿಲ್ಲ. ತಾಯಿ ಡಾಕ್ಟರಮ್ಮನ ತೋಳು ಮುಟ್ಟಿದಳು. “ಹಾಗಾದ್ರೆ ನಮ್ಮ ದೊಡ್ಡೋನು ಅವತ್ತು ನಗ್ತಾ ಇರಲಿಲ್ವಾ?”

ಡಾಕ್ಟರಮ್ಮ ಅವಳ ಕೈ ಹಿಡಿದು ಸ್ಟೂಲಿನ ಮೇಲೆ ಕೂರಿಸಿದರು. “ಇದು ರಕ್ತದಲ್ಲೇ ಬರೋದಿರಬಹುದು,” ಎಂದರು ಹೆಂಡತಿಗೆ. “ಗಂಡಸರಿಗೇ ಅಂತೇನಿಲ್ಲ. ನಿಮಗೆ ಮಕ್ಕಳೆಷ್ಟು?”

“ಅವಳೊಬ್ಬಳೇ.”

ಅಪ್ಪನ ಮಂಚದ ಸುತ್ತ ಜನ ಸೇರಿದ್ದನ್ನು ಬಾಗಿಲ ಗಾಜಿನಿಂದ ಕಂಡ ಮಗಳು ಪಡಸಾಲೆಯ ಆ ತುದಿಯಿಂದ ಓಡಿ ಬರುತ್ತಿದ್ದಳು.

“ಓಡಬೇಡ,” ಎಂದು ಹೆಂಡತಿ ಕೂಗಿದಳು.

ಅಮ್ಮನ ದನಿಯಲ್ಲಿದ್ದ ದಿಗಿಲು ಕೇಳಿ ಹುಡುಗಿ ಇನ್ನೂ ಜೋರಾಗಿ ಓಡಿದಳು.