ಕಪ್ಪಾಗಬೇಕಿದ್ದ ಬಿಲ್ಲೆ

ಫರ್ನೇಸಿನ ಸ್ವಿಚ್ಚನ್ನು ಯಾರೂ ಮುಟ್ಟಕೂಡದು ಎಂದು ಆಯುಧಪೂಜೆಯ ಬೆಳಿಗ್ಗೆ ಮಾವನಿಗೆ ಗದರಿಯೇ ಹೇಳಿದ್ದೆ. ಆ ದಿನ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಹೊಗೆಯೂ ರಜೆ ಹಾಕುತ್ತದೆ. ಯಂತ್ರಗಳನ್ನೆಲ್ಲ ನಿಲ್ಲಿಸಿ, ತೊಳೆದು, ಹೂ ಮುಡಿಸುತ್ತಾರೆ. ನನ್ನ ಯಂತ್ರಕ್ಕೆ ಮಾತ್ರ ಬಿಡುವಿರಲಿಲ್ಲ.

ಒಳಗಿದ್ದದ್ದು ಅಂಗೈಯಗಲದ ಒಂದೇ ಬಿಲ್ಲೆ. ಸಿಲಿಕಾ ದ್ರಾವಣಕ್ಕೆ ರಾಳ ಬೆರೆಸಿ, ಹಾಲುಬಾಯಿಯಂತೆ ಗಟ್ಟಿಯಾದ ಮೇಲೆ ಇಡೀ ಮಳೆಗಾಲ ಅದನ್ನು ಮೆಲ್ಲಗೆ ಒಣಗಿಸಿದ್ದೆ. ಹಿಂದಿನವೆಲ್ಲ ಒಣಗುವಾಗಲೇ ಸೀಳಿಹೋಗಿದ್ದವು. ಇದನ್ನು ಗಾಳಿ ತಾಗದಂತೆ ನೈಟ್ರೋಜನ್ ಹರಿಸುತ್ತ ಕಾಯಿಸಿದರೆ ರಾಳ ಇಂಗಾಲವಾಗಿ ಒಳಗೇ ಉಳಿಯುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳ ಕಪ್ಪು ಬಿಲ್ಲೆ ಸಿಗುತ್ತದೆ. ಗಾಳಿ ಹೊಕ್ಕರೆ ಇಂಗಾಲವೆಲ್ಲ ಉರಿದುಹೋಗಿ ಕೆಲಸಕ್ಕೆ ಬಾರದ ಬಿಳಿ ಸಿಲಿಕಾ ಮಾತ್ರ ಉಳಿಯುತ್ತದೆ.

ಘೋಡಬಂದರ್ ರಸ್ತೆಯ ಫಿಲ್ಟರ್ ಕಂಪೆನಿಯ ಹಿತೇಶನಿಗೆ ದಸರಾ ಕಳೆದ ಕೂಡಲೇ ಅದನ್ನು ಕೊಡಬೇಕಿತ್ತು. ಆಮೇಲೆ ಬಂದದ್ದನ್ನು ನೋಡುವುದೇ ಇಲ್ಲ ಎಂದಿದ್ದ ಆ ಪುಣ್ಯಾತ್ಮ. ಅವನು ಒಪ್ಪದಿದ್ದರೆ ನನ್ನ ಈ ಶೆಡ್ಡಿಗೆ ಬೀಗ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

ರಾತ್ರಿಯಿಡೀ ನಿದ್ದೆಗೆಟ್ಟಿದ್ದ ನನ್ನನ್ನು ಮಾವ ಬಲವಂತವಾಗಿ ಮನೆಗೆ ಕಳಿಸಿದರು. "ನಾನಿದ್ದೇನಲ್ಲ ಮಗಾ, ಪೂಜೆ ನಾನು ಮಾಡ್ತೇನೆ. ನೀನು ಹೋಗಿ ಮಲಕ್ಕೊ," ಎಂದರು.

ಸಂಜೆ ಬಂದಾಗ ಫರ್ನೇಸ್ ಟೈಮರಿನಂತೆ ತಾನಾಗಿ ನಿಂತು ತಣ್ಣಗಾಗಿತ್ತು. ಮೈತುಂಬ ಕುಂಕುಮ, ಚೆಂಡುಹೂವಿನ ಮಾಲೆ. ಸ್ವಿಚ್ಚಿನ ಮೇಲೆ ನಾನು ಅಂಟಿಸಿದ್ದ ಟೇಪು ಹಾಗೇ ಇತ್ತು. ಸಮಾಧಾನದಿಂದ ನೈಟ್ರೋಜನ್ ಸಿಲಿಂಡರಿನತ್ತ ನೋಡಿದೆ. ಮುಳ್ಳು ಸೊನ್ನೆಯಲ್ಲಿ ನಿಂತಿತ್ತು.

"ಮಾವ, ಇದನ್ನು ಯಾರು ಬಂದ್ ಮಾಡಿದ್ದು?"

"ನಾನೇ. ಆರತಿಗೆ ಕರ್ಪೂರ ಹಚ್ಚಬೇಕಲ್ಲ? ಗ್ಯಾಸ್ ಬಿಟ್ಟು ಬೆಂಕಿಕಡ್ಡಿ ಗೀರ್ಲಿಕ್ಕುಂಟಾ? ಸ್ವಿಚ್ ಮುಟ್ಟಲಿಲ್ಲ, ಆಣೆಗೂ."

ಸಿಟ್ಟು ನೆತ್ತಿಗೇರಿತು. ಇದು ಹೊತ್ತುವ ಗ್ಯಾಸಲ್ಲ, ಬೆಂಕಿಯನ್ನೇ ಆರಿಸುವ ಗ್ಯಾಸು ಎಂದು ಕಿರುಚಲು ಬಾಯಿ ತೆರೆದೆ. ಅಷ್ಟರಲ್ಲಿ ಗೋಡೆಯ ಮೇಲಿನ ಅತ್ತೆಯ ಫೋಟೋ ಕಂಡಿತು. ಅದಕ್ಕೂ ಹೊಸ ಮಾಲೆ ಹಾಕಿದ್ದರು. ಅತ್ತೆ ತೀರಿಕೊಂಡದ್ದು ಕಲ್ಯಾಣದ ನಮ್ಮ ಹೋಟೆಲಿನ ಅಡುಗೆಮನೆಯಲ್ಲಿ, ಸಿಲಿಂಡರ್ ಸೋರಿ. ಅಂದಿನಿಂದ ಈ ಮನುಷ್ಯ ಯಾರ ಮನೆಗೆ ಹೋದರೂ ಮೊದಲು ಅಡುಗೆಮನೆಗೆ ನುಗ್ಗಿ ರೆಗ್ಯುಲೇಟರ್ ಮುಟ್ಟಿ ನೋಡುತ್ತಾರೆ.

"ಅವಳಿಗಾದದ್ದು ನಿನಗಾಗಬಾರದು," ಎಂದರು ಮೆಲ್ಲಗೆ.

ಫರ್ನೇಸಿನ ಬಾಗಿಲು ತೆಗೆದೆ. ಬಿಲ್ಲೆ ಬೆಳ್ಳಗೆ ಕೂತಿತ್ತು.

"ಅಬ್ಬ, ಮಲ್ಲಿಗೆ ಹೂವಿನ ಹಾಗುಂಟು! ಕಪ್ಪಾಗ್ತದೆ ಅಂದಿದ್ದೆಯಲ್ಲ? ದೇವರು ದೊಡ್ಡವ," ಎಂದು ಮಾವ ಕೈ ಮುಗಿದರು.

ಇಕ್ಕಳದಲ್ಲಿ ಹಿಡಿದು ಎತ್ತಲು ಹೋದೆ. ಅಂಚು ಹಪ್ಪಳದಂತೆ ಮುರಿದು ಉದುರಿತು. ಅವರಿಗೆ ಕಾಣದಂತೆ ಬಾಗಿಲು ಮುಚ್ಚಿಬಿಟ್ಟೆ.

ಮಾವ ಪಂಚಕಜ್ಜಾಯದ ಬಟ್ಟಲು ಹಿಡಿದು ಎದುರಿಗೆ ನಿಂತರು. "ಆ ಹಿತೇಶನಿಗೆ ಈಗಲೇ ಫೋನ್ ಮಾಡು ಮಗಾ. ನನ್ನೆದುರೇ ಮಾಡು. ನಾನೂ ಕೇಳ್ತೇನೆ."

ಯಾವ ನಂಬರನ್ನೂ ಒತ್ತದೆ ಫೋನನ್ನು ಕಿವಿಗೆ ಹಿಡಿದೆ. "ಹಾಂ ಹಿತೇಶ್‌ಭಾಯ್, ಹೋ ಗಯಾ. ಬಹುತ್ ಅಚ್ಛಾ ಆಯಾ ಹೈ," ಎಂದೆ, ಬಿಲ್ಲೆ ತುಂಬ ಚೆನ್ನಾಗಿ ಬಂದಿದೆ ಎನ್ನುವಂತೆ.

ಮಾವ ಕಣ್ಣೊರೆಸಿಕೊಳ್ಳುತ್ತ ಅತ್ತೆಯ ಫೋಟೋದತ್ತ ತಿರುಗಿ, "ಕೇಳಿದ್ಯಾ?" ಎಂದರು.